ಇಂಗ್ಲೆಂಡಿನಲ್ಲಿ ಕೀಲು ಊದಿದರೆ, ಥೈರಾಯ್ಡ್ ಕೆಟ್ಟರೆ ಏನು ಮಾಡಬೇಕು?

ಹಾಸನದಲ್ಲಿ ಬೆರಳು ಊದಿಕೊಂಡರೆ ನಾವೇ ಲ್ಯಾಬಿಗೆ ಹೋಗಿ ರಕ್ತ ಕೊಡುತ್ತೇವೆ. ರಿಪೋರ್ಟ್ ಹಿಡಿದು ಸೀದಾ ದೊಡ್ಡ ಡಾಕ್ಟರ ಹತ್ತಿರ ಹೋಗುತ್ತೇವೆ, ಬೇಕಾದರೆ ಬೆಂಗಳೂರಿಗೂ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಎನ್‌ಎಚ್‌ಎಸ್‌ನಲ್ಲಿ ಇದು ನಡೆಯಲ್ಲ. ತಜ್ಞರನ್ನು ನೋಡಲು ಜಿಪಿ, ಅಂದರೆ ಮನೆ ಹತ್ತಿರದ ಮಾಮೂಲಿ ಡಾಕ್ಟರೇ ಬರೆದುಕೊಡಬೇಕು. ಅದಕ್ಕೇ ಬಂದ ವಾರವೇ ಮನೆ ಹತ್ತಿರದ ಜಿಪಿಯಲ್ಲಿ ಹೆಸರು ಬರೆಸಿ. ಅದಕ್ಕೆ ದುಡ್ಡಿಲ್ಲ.

ಕೀಲು ಊದಲು, ಥೈರಾಯ್ಡ್ ಕೆಡಲು ಆಟೋಇಮ್ಯೂನ್ ಕಾಯಿಲೆ ಕಾರಣವಿರಬಹುದು. ಅದು ಅಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮದೇ ಅಂಗದ ಮೇಲೆ ಬೀಳುತ್ತದೆ. ಥೈರಾಯ್ಡ್ ಮೇಲೆ ಬಿದ್ದರೆ ಹಾಶಿಮೊಟೊ, ಕೀಲಿನ ಒಳಪದರದ ಮೇಲೆ ಬಿದ್ದರೆ ರುಮಟಾಯ್ಡ್ ಆರ್ಥ್ರೈಟಿಸ್. ಎರಡೂ ಹೆಂಗಸರಿಗೇ ಜಾಸ್ತಿ.

ಜಿಪಿ ಹತ್ತಿರ ಸಿಗುವುದು ಸುಮಾರು ಹತ್ತು ನಿಮಿಷ. ನಮ್ಮ ಕಡೆಯವರಿಗೆ 'ಸ್ವಲ್ಪ ನೋವು, ಪರವಾಗಿಲ್ಲ' ಅನ್ನುವ ಅಭ್ಯಾಸ. ಹಾಗಂದರೆ ಪ್ಯಾರಾಸಿಟಮಾಲ್ ನುಂಗಿ ಅಂತಾರೆ, ಅಷ್ಟೇ. ಬೆಳಗ್ಗೆ ಎಷ್ಟು ಹೊತ್ತು ಬೆರಳು ಮಡಚಲಾಗಲ್ಲ, ಯಾವ ಗೆಣ್ಣು ಊದುತ್ತದೆ, ಎಷ್ಟು ವಾರದಿಂದ ಅಂತ ಬಿಡಿಸಿ ಹೇಳಿ. ಊದಿದಾಗಲೇ ಫೋಟೋ ತೆಗೆದಿಡಿ. ಊರಿನ ರಿಪೋರ್ಟ್‌ಗಳನ್ನೂ ಒಯ್ಯಿರಿ. ಕೈಕಾಲಿನ ಸಣ್ಣ ಕೀಲುಗಳಲ್ಲಿ ಇಂಥ ಉರಿಯೂತದ ಅನುಮಾನವಿದ್ದರೆ ತುರ್ತಾಗಿ ತಜ್ಞರಿಗೆ ಬರೆಯಬೇಕು ಅಂತ, ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ನೈಸ್ ಸಂಸ್ಥೆಯ ಮಾರ್ಗಸೂಚಿಯೇ ಇದೆ. ರಕ್ತಪರೀಕ್ಷೆ ಸರಿ ಬಂದಿದೆ ಅಂತ ಸುಮ್ನೆ ಕೂರಬೇಕಿಲ್ಲ. ಇದನ್ನು ಮರ್ಯಾದೆಯಿಂದಲೇ ನೆನಪಿಸಬಹುದು.

ಇನ್ನು ಔಷಧಿ. ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಿಗೂ 9.90 ಪೌಂಡ್. ಆದರೆ ಥೈರಾಯ್ಡ್ ಕಮ್ಮಿಯಾಗಿ ದಿನಾ ಮಾತ್ರೆ ತಗೊಳ್ಳುವವರಿಗೆ ಎಲ್ಲ ಔಷಧಿಯೂ ಉಚಿತ. ಈ ವಿನಾಯಿತಿಗೆ ಜಿಪಿ ಹತ್ತಿರ ಎಫ್‌ಪಿ92ಎ ಅನ್ನುವ ಅರ್ಜಿ ಕೇಳಿ. ಸರ್ಟಿಫಿಕೇಟ್ ಐದು ವರ್ಷ ನಡೆಯುತ್ತದೆ. ಟೈಪ್ 1 ಸಕ್ಕರೆ ಕಾಯಿಲೆಯೂ ಈ ಪಟ್ಟಿಯಲ್ಲಿದೆ. ರುಮಟಾಯ್ಡ್ ಇಲ್ಲ! ಯಾಕೋ ನನಗಂತೂ ಸರಿ ಕಾಣಲ್ಲ. ಅಂಥವರು ವರ್ಷದ ಔಷಧಿಗೆಲ್ಲ ಸೇರಿ ಮುಂಗಡ ಕಟ್ಟುವ 114.50 ಪೌಂಡ್‌ನ ಪ್ರೀಪೇಮೆಂಟ್ ಸರ್ಟಿಫಿಕೇಟ್ ಮಾಡಿಸಿದರೆ, ಔಷಧಿ ಜಾಸ್ತಿ ಇದ್ದಾಗ ಉಳಿತಾಯ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಈ ತಲೆನೋವೇ ಇಲ್ಲ, ಎಲ್ಲರಿಗೂ ಉಚಿತ.

ಚಿಕ್ಕಮಗಳೂರಿನವರಿಗೆ ಒಂದು ಮಾತು: ಥೈರಾಯ್ಡ್ ಮಾತ್ರೆ ಬರೀ ಹೊಟ್ಟೆಗೆ. ಫಿಲ್ಟರ್ ಕಾಫಿ ಕನಿಷ್ಠ ಅರ್ಧ ಗಂಟೆ ಆದಮೇಲೆ. ಮಾತ್ರೆ ಪೂರ್ತಿ ಮೈಗೆ ಹತ್ತಲು ಕಾಫಿ ಬಿಡಲ್ಲ.

ವಿಸಿಟ್ ವೀಸಾದಲ್ಲಿ ಬರುವ ಅಪ್ಪ ಅಮ್ಮನಿಗೆ ಜಿಪಿ ನೋಡುವುದು ಉಚಿತ, ಆಸ್ಪತ್ರೆಯ ತಜ್ಞರು ಅಲ್ಲ. ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಹೊರಡುವ ಮುಂಚೆ ಊರಲ್ಲೇ ತೋರಿಸಿ, ಇರುವಷ್ಟು ದಿನದ ಮಾತ್ರೆ, ಡಾಕ್ಟರ ಚೀಟಿ, ಇನ್ಶೂರೆನ್ಸ್ ಜೊತೆಗಿರಲಿ.