ಕಾರಿಗೊಂದು ಬೀಗ, ಬ್ಯಾಗಿಗೊಂದು ಬೀಗ

ಕಾರು ಕದಿಯುವವರು ಬೇರೆ, ಕಾರಿನೊಳಗಿನ ಬ್ಯಾಗು ಕದಿಯುವವರು ಬೇರೆ. ಗೇರ್ ಲಾಕು, ಜಿಪಿಎಸ್ಸು ಎಲ್ಲ ಮೊದಲನೆಯವರಿಗೆ. ಎರಡನೆಯವರಿಗೆ ಗೇರಿನ ಗೊಡವೆಯೇ ಇಲ್ಲ, ಬಾಗಿಲಿನ ಗಾಜು ಒಡೆದರೆ ಸಾಕು. ಮುಂದಿನ ವಿಂಡ್‌ಶೀಲ್ಡಿನಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಬಿರುಕು ಬಿಟ್ಟರೂ ಉದುರುವುದಿಲ್ಲ. ಬಾಗಿಲಿನದು ಸಾಮಾನ್ಯವಾಗಿ ಟೆಂಪರ್ಡ್ ಗಾಜು. ಒಂದೇ ಚೂಪಾದ ಏಟಿಗೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಸೀಟಿನ ಮೇಲೆ ಸುರಿಯುತ್ತದೆ.

ಹಾಗಾಗಿ ಸೀಟಿನ ಮೇಲೆ ಏನೂ ಕಾಣಬಾರದು. ಖಾಲಿ ಬ್ಯಾಗೂ ಬೇಡ, ಅದು ಖಾಲಿ ಅಂತ ಒಡೆಯುವವನಿಗೆ ಗೊತ್ತಿರುವುದಿಲ್ಲ. ನೇತಾಡುವ ಚಾರ್ಜರ್ ವೈರನ್ನೂ ಸುತ್ತಿಡಿ. ಲ್ಯಾಪ್‌ಟಾಪನ್ನು ಮನೆಯಲ್ಲೋ ಆಫೀಸಿನಲ್ಲೋ ಹೊರಡುವಾಗಲೇ ಡಿಕ್ಕಿಗೆ ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ: ಹೋಟೆಲ್ ಮುಂದೆ ನಿಲ್ಲಿಸಿ, ಎಲ್ಲರೆದುರು ಡಿಕ್ಕಿ ತೆಗೆದು ಬ್ಯಾಗಿಟ್ಟು ಊಟಕ್ಕೆ ಹೋಗುತ್ತಾರೆ. ಹ್ಯಾಚ್‌ಬ್ಯಾಕಿನಲ್ಲಿ ಹಿಂದಿನ ಸೀಟು ಮಡಚಿದರೆ ಡಿಕ್ಕಿಗೆ ಕೈ ಹೋಗುತ್ತದೆ. ಡಿಕ್ಕಿಯ ಮೇಲೆ ಮುಚ್ಚುವ ಪಾರ್ಸೆಲ್ ಟ್ರೇ ತೆಗೆದಿಟ್ಟಿದ್ದರೆ ಅದೂ ಬೇಕಿಲ್ಲ, ಹೊರಗಿನಿಂದಲೇ ಎಲ್ಲ ಕಾಣುತ್ತದೆ.

ಬ್ಯಾಂಕಿನಿಂದ ಹಣವನ್ನೋ ಒಡವೆಯನ್ನೋ ತರುವ ದಿನ ಇನ್ನೊಂದು ಆಟ ನಡೆಯುತ್ತದೆ. ‘ಸಾರ್, ಆಯಿಲ್ ಸೋರ್ತಿದೆ’, ‘ಟೈರ್ ಪಂಚರ್ ಆಗಿದೆ ನೋಡಿ’ ಎಂದು ಒಬ್ಬ ಕಿಟಕಿ ತಟ್ಟುತ್ತಾನೆ, ಇಲ್ಲವೇ ಡ್ರೈವರ್ ಬಾಗಿಲ ಬುಡದಲ್ಲಿ ಹತ್ತರ ನೋಟು ಚೆಲ್ಲಿರುತ್ತಾನೆ. ನೀವು ಬಗ್ಗುವಷ್ಟರಲ್ಲಿ ಎಡಗಡೆಯ ಬಾಗಿಲು ತೆರೆದಿರುತ್ತದೆ. ಟೈರಿಗೆ ನಿಜವಾಗಿ ಗಾಳಿ ಇಲ್ಲದಿದ್ದರೂ ನಿಧಾನವಾಗಿ ಹತ್ತಿರದ ಪೆಟ್ರೋಲ್ ಬಂಕಿನ ತನಕ ಓಡಿಸಿ. ಟೈರು ಹಾಳಾದರೂ ಬ್ಯಾಗು ಉಳಿಯುತ್ತದೆ. ಇಳಿಯಲೇಬೇಕಾದರೆ ಕೀ, ಬ್ಯಾಗು ಕೈಯಲ್ಲಿರಲಿ, ಕಾರು ಲಾಕ್ ಆಗಿರಲಿ. ಹಲವು ಕಾರುಗಳಲ್ಲಿ ಡ್ರೈವರ್ ಬಾಗಿಲು ಒಳಗಿನಿಂದ ತೆಗೆದರೆ ಉಳಿದವೂ ಅನ್‌ಲಾಕ್ ಆಗುತ್ತವೆ. ನಿಮ್ಮದರಲ್ಲಿ ಹೇಗೆಂದು ಇವತ್ತೇ ನೋಡಿಕೊಳ್ಳಿ.

ರಿಮೋಟ್ ಒತ್ತಿ ತಿರುಗಿ ನೋಡದೆ ಹೋಗುವ ಅಭ್ಯಾಸ ಬಿಡಿ. ಒಂದು ಬಾಗಿಲು ಸರಿಯಾಗಿ ಕೂರದಿದ್ದರೂ, ಪಕ್ಕದಲ್ಲಿ ಯಾರೋ ರಿಮೋಟಿನ ಸಿಗ್ನಲ್ ಕೆಡಿಸುವ ಜಾಮರ್ ಹಿಡಿದಿದ್ದರೂ ಲಾಕ್ ಬೀಳುವುದಿಲ್ಲ. ಹ್ಯಾಂಡಲ್ ಎಳೆದು ನೋಡಿ.

ಇನ್ನು ಕಾರು. ಕೀ ಜೇಬಿನಲ್ಲಿದ್ದರೇ ಬಾಗಿಲು ತೆರೆಯುವ ಕೀಲೆಸ್ ಕಾರಾದರೆ, ಕೀ ಮನೆಯೊಳಗಿದ್ದರೂ ಅದರ ಸಿಗ್ನಲ್ ಹಿಡಿದು, ಬಲ ಕೊಟ್ಟು, ಕಾರಿನ ತನಕ ಮುಟ್ಟಿಸುವ ಉಪಕರಣಗಳಿವೆ. ಸಿಗ್ನಲ್ ತಡೆಯುವ ಪೌಚು ಕೊಂಡರೆ ಪರೀಕ್ಷೆ ಸುಲಭ: ಕೀಯನ್ನು ಅದರೊಳಗಿಟ್ಟು ಬಾಗಿಲ ಪಕ್ಕ ನಿಂತು ಹ್ಯಾಂಡಲಿನ ಗುಂಡಿ ಒತ್ತಿ. ಬಾಗಿಲು ತೆರೆದರೆ ಪೌಚು ದಂಡ. ಎರಡನೇ ಕೀಗೂ ಒಂದು ಬೇಕು.

ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಕಾರಿನ ದೋಷ ನೋಡಲು ಬಳಸುವ ಸಾಕೆಟ್) ಯಂತ್ರ ಸಿಕ್ಕಿಸಿ ಹೊಸ ಕೀ ಹೊಂದಿಸಿಕೊಳ್ಳುವವರೂ ಇದ್ದಾರೆ. ಅದಕ್ಕೇ ಗೇರ್ ಲಾಕಿನಂಥ ಕಬ್ಬಿಣದ ಬೀಗಕ್ಕೆ ಇಂದಿಗೂ ಬೆಲೆಯಿದೆ, ಎಂಜಿನ್ ಸ್ಟಾರ್ಟ್ ಆದರೂ ಗೇರು ಬದಲಾಗುವುದಿಲ್ಲ. ಅದನ್ನು ಕೂರಿಸುವಾಗ, ಬಿಗಿದ ಮೇಲೆ ತಲೆ ಮುರಿದುಹೋಗುವ ಬೋಲ್ಟ್ ಹಾಕಿಸಿ. ಸಾಧಾರಣ ಬೋಲ್ಟಾದರೆ ಸ್ಪ್ಯಾನರಿನಲ್ಲೇ ಬಿಚ್ಚಬಹುದು. ಓಬಿಡಿಗೆ ಸಿಕ್ಕಿಸುವ ಜಿಪಿಎಸ್ಸನ್ನು ಕಳ್ಳ ಮೊದಲು ಕಿತ್ತೆಸೆಯುತ್ತಾನೆ. ವೈರಿಂಗ್‌ಗೆ ಸೇರಿಸಿ ಡ್ಯಾಶ್‌ಬೋರ್ಡ್ ಹಿಂದೆ ಅಡಗಿಸುವ, ಸ್ವಂತ ಬ್ಯಾಟರಿ ಇರುವ ಬಗೆ ಕೊಳ್ಳಿ, ಸಿಮ್ ರೀಚಾರ್ಜ್ ಮರೆಯಬೇಡಿ. ಮೂಲ ಆರ್‌ಸಿ ಕಾರಿನಲ್ಲಿಡಬೇಡಿ, ತಪಾಸಣೆಗೆ ಡಿಜಿಲಾಕರ್ ಪ್ರತಿ ಸಾಕು.

ಕಳುವಾದರೆ 112, ಎಫ್‌ಐಆರ್, ವಿಮಾ ಕಂಪನಿ, ಈ ಕ್ರಮದಲ್ಲಿ ಅದೇ ದಿನ ಮುಗಿಸಿ. ಬೇರೆಯವರಿಗಾದ ನಷ್ಟವನ್ನಷ್ಟೇ ತುಂಬುವ ಬರೀ ಥರ್ಡ್ ಪಾರ್ಟಿ ಪಾಲಿಸಿಗೆ ಕಾರು ಕಳುವಾದರೂ ಬಿಡಿಗಾಸು ಬರುವುದಿಲ್ಲ. ಪೂರ್ಣ ಪಾಲಿಸಿ ಇದ್ದರೂ ಎರಡೂ ಕೀ ಕೇಳುತ್ತಾರೆ. ಒಂದು ಕಳೆದುಹೋಗಿದ್ದರೆ ಆಗಲೇ ಬರೆದು ತಿಳಿಸಿರಬೇಕು. ವಾಹನ ಪತ್ತೆಯಾಗಿಲ್ಲವೆಂಬ ಪೊಲೀಸರ ವರದಿಯೂ ಬೇಕು. ಸಾಮಾನ್ಯ ಕಾರು ಪಾಲಿಸಿಯಲ್ಲಿ ಲ್ಯಾಪ್‌ಟಾಪಿಗೆ ಪರಿಹಾರವಿಲ್ಲ. ಫೋನು ಹೋಗಿದ್ದರೆ ಸರ್ಕಾರದ ಸಿಇಐಆರ್ ತಾಣದಲ್ಲಿ ಫೋನಿನ ಗುರುತು ಸಂಖ್ಯೆಯಾದ ಐಎಂಇಐ ನಂಬರ್ ಕೊಟ್ಟು ಬ್ಲಾಕ್ ಮಾಡಿಸಿ. *#06# ಒತ್ತಿ ಆ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ. ಗಾಜಷ್ಟೇ ಒಡೆದಿದ್ದರೆ ಚೂರು ಗುಡಿಸುವ ಮೊದಲು ಫೋಟೋ ತೆಗೆಯಿರಿ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಎಷ್ಟು ಹೋಗುತ್ತದೆಂದು ಕೇಳಿಕೊಳ್ಳಿ, ಚಿಕ್ಕ ಕಾರಿನ ಗಾಜಿಗೆ ಕೈಯಿಂದ ಕೊಟ್ಟರೇ ಅಗ್ಗ ಬೀಳುವುದುಂಟು.