90 ಸ್ಲೈಡ್ ಬಿಟ್ಟು, ಕುರ್ಚಿ ದುಂಡಗೆ ಹಾಕಿ: ಮಹಿಳಾ ನಾಯಕತ್ವ ತರಬೇತಿ ನಡೆಸಿಕೊಡುವುದು ಹೇಗೆ?

ಮೊದಲ ಸಲ ಮಹಿಳಾ ನಾಯಕತ್ವ ತರಬೇತಿ ನಡೆಸಿಕೊಟ್ಟಾಗ ಎರಡು ದಿನಕ್ಕೆ 90 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಎಲ್ಲರೂ ಬರೆದುಕೊಂಡರು, ಕೊನೆಗೆ ಚಪ್ಪಾಳೆಯೂ ಬಂತು. ಮೂರು ತಿಂಗಳಾದ ಮೇಲೆ ಅವರಲ್ಲೊಬ್ಬರು ಸಿಕ್ಕರು. 'ಏನಾದರೂ ಉಪಯೋಗ ಆಯ್ತಾ?' ಎಂದು ಕೇಳಿದೆ. 'ಆಯ್ತು ಮೇಡಂ. ಬಿಡುವಿನಲ್ಲಿ ಪಕ್ಕದಲ್ಲಿ ಕೂತವರು ತಾವು ಬಡ್ತಿ ಹೇಗೆ ಕೇಳಿದೆವು ಅಂತ ಹೇಳಿದ್ರಲ್ಲ, ಅದು' ಎಂದರು. ನನ್ನ ಸ್ಲೈಡ್‌ಗಳಲ್ಲಿ ಒಂದೂ ಅವರಿಗೆ ನೆನಪಿರಲಿಲ್ಲ.

ಆ ಬಿಡುವಿನ ಮಾತನ್ನೇ ಇಡೀ ತರಬೇತಿಗೆ ಹರಡುವುದು ಹೇಗೆ? ನುರಿತ ಫೆಸಿಲಿಟೇಟರ್‌ಗಳ, ಅಂದರೆ ಗುಂಪಿನ ಮಾತುಕತೆ ನಡೆಸಿಕೊಡುವವರ, ಕೆಲಸ ಇದೇ. ಹೊಸದಾಗಿ ಇದಕ್ಕೆ ಇಳಿಯುವವರಿಗೆ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಫೋನ್ ಮಾಡಿ

ತರಬೇತಿಗೆ ಎರಡು ವಾರ ಮುಂಚೆಯೇ ಒಬ್ಬೊಬ್ಬರ ಹತ್ತಿರವೂ ಇಪ್ಪತ್ತು ನಿಮಿಷ ಮಾತಾಡಿ. 'ನಿಮ್ಮ ನಿರೀಕ್ಷೆ ಏನು?' ಎಂದು ಕೇಳಬೇಡಿ, ಉಪಚಾರದ ಉತ್ತರ ಬರುತ್ತದೆ. 'ಯಾರ ಹತ್ತಿರ ಆಡಬೇಕಾದ ಮಾತನ್ನು ಮುಂದೂಡುತ್ತಾ ಬಂದಿದ್ದೀರಿ?' ಎಂದು ಕೇಳಿ. ಆ ಕಡೆ ಒಂದು ಕ್ಷಣ ಸದ್ದೇ ಇರುವುದಿಲ್ಲ. ನಿಮ್ಮ ತರಬೇತಿಗೆ ಬೇಕಾದ ಸರಕು ಸಿಗುವುದು ಅಲ್ಲೇ. ತಾವಾಗಿಯೇ ಬರುತ್ತಿದ್ದಾರೋ, ಮೇಲಿನವರು ಕಳಿಸಿದ್ದಾರೋ ಅನ್ನುವುದನ್ನೂ ತಿಳಿದುಕೊಳ್ಳಿ.

ಗುಂಪಿನಲ್ಲಿ 12ರಿಂದ 16 ಜನ ಸಾಕು. ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರು ಒಂದೇ ಗುಂಪಿನಲ್ಲಿ ಬೇಡ. ನಡೆಸಿಕೊಡುವವರು ಇಬ್ಬರಿರಲಿ. ಒಬ್ಬರು ಮಾತು ನಡೆಸುವಾಗ ಇನ್ನೊಬ್ಬರು ಯಾರು ಇನ್ನೂ ಬಾಯಿ ಬಿಟ್ಟಿಲ್ಲ ಅಂತ ನೋಡುತ್ತಿರಬೇಕು.

ಗುಟ್ಟಿನ ಕರಾರು

ಮೇಜುಗಳನ್ನು ಸರಿಸಿ, ಕುರ್ಚಿಗಳನ್ನು ದುಂಡಗೆ ಹಾಕಿ. ಆಮೇಲೆ ನಿಯಮ. ಅಂತರರಾಷ್ಟ್ರೀಯ ವಿಚಾರಗಳ ಬಗ್ಗೆ ಅಧ್ಯಯನ ಮಾಡುವ ಲಂಡನ್ನಿನ ಚಾಥಮ್ ಹೌಸ್ ಸಂಸ್ಥೆ 1927ರಲ್ಲಿ ಮಾಡಿಕೊಂಡ ಒಂದು ನಿಯಮ ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ: ಇಲ್ಲಿ ಕೇಳಿದ್ದನ್ನು ಹೊರಗೆ ಬಳಸಬಹುದು, ಯಾರು ಹೇಳಿದರು ಅನ್ನುವುದನ್ನು ಮಾತ್ರ ಹೇಳುವಂತಿಲ್ಲ.

ಈ ನಿಯಮ ನಿಮಗೂ ಅನ್ವಯಿಸುತ್ತದೆ. ತರಬೇತಿಗೆ ದುಡ್ಡು ಕೊಟ್ಟವರು ಕೊನೆಯ ದಿನ ಮೆಲ್ಲಗೆ ಬಂದು, 'ಯಾರು ಚುರುಕು? ಯಾರು ಸುಮ್ನೆ ಬಂದು ಹೋದರು?' ಎಂದು ಕೇಳುತ್ತಾರೆ. ಖಂಡಿತ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವುದಿಲ್ಲ ಎಂದು ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಿಬಿಡಿ. ಒಬ್ಬರ ಬಗ್ಗೆ ಒಂದು ಮಾತು ಸೋರಿದರೂ ಮುಂದಿನ ಗುಂಪು ನಿಮ್ಮೆದುರು ಬಾಯಿ ಬಿಡುವುದಿಲ್ಲ.

ಹತ್ತು ಎಣಿಸಿ

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿ. ಏಳಕ್ಕೆ ಬರುವಷ್ಟರಲ್ಲಿ ನೀವೇ ಉತ್ತರ ಹೇಳಿಬಿಡೋಣ ಅನ್ನಿಸುತ್ತದೆ. ತಡೆದುಕೊಳ್ಳಿ. ಅಷ್ಟಾದರೂ ಯಾರೂ ಮಾತಾಡದಿದ್ದರೆ ಇಬ್ಬಿಬ್ಬರನ್ನು ಜೋಡಿ ಮಾಡಿ, ಮೂರು ನಿಮಿಷ ಅವರವರಲ್ಲೇ ಮಾತಾಡಲು ಬಿಡಿ. ಎಲ್ಲರೆದುರು ಹೇಳಲು ಹಿಂಜರಿದವರು ಪಕ್ಕದವರ ಹತ್ತಿರ ಹೇಳಿಯೇ ಹೇಳುತ್ತಾರೆ.

ಸಲಹೆ ಕೊಡಬೇಡಿ, ಪ್ರಶ್ನೆ ಕೇಳಿ

ತರಬೇತಿಯ ತಿರುಳು ಇದು. ಅರ್ಧದಷ್ಟು ಸಮಯ ಇದಕ್ಕೇ ಇಡಿ. ಬ್ರಿಟನ್ನಿನ ರೆಗ್ ರೆವಾನ್ಸ್ 1940ರ ದಶಕದಲ್ಲಿ ಕಲ್ಲಿದ್ದಲು ಗಣಿಗಳ ಮ್ಯಾನೇಜರ್‌ಗಳ ಜತೆ ಬೆಳೆಸಿದ ಪದ್ಧತಿ ಇದರ ಮೂಲ. ಆಕ್ಷನ್ ಲರ್ನಿಂಗ್ ಅನ್ನುತ್ತಾರೆ. ಐದಾರು ಜನರ ಗುಂಪಿನಲ್ಲಿ ಒಬ್ಬರು ತಮ್ಮ ನಿಜವಾದ ಸಮಸ್ಯೆ ಇಡುತ್ತಾರೆ. ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು. 'ನಾನಾಗಿದ್ದರೆ...' ಎಂದು ಶುರುವಾದರೆ ಅಲ್ಲೇ ತಡೆಯಿರಿ.

ಒಬ್ಬರು ಹೇಳುತ್ತಾರೆ ಅಂದುಕೊಳ್ಳಿ: 'ಮೀಟಿಂಗ್‌ನಲ್ಲಿ ನಾನು ಹೇಳಿದ್ದನ್ನು ಯಾರೂ ಕೇಳುವುದಿಲ್ಲ. ಐದು ನಿಮಿಷ ಬಿಟ್ಟು ಬೇರೆಯವರು ಅದನ್ನೇ ಹೇಳಿದರೆ ವಾಹ್ ಅನ್ನುತ್ತಾರೆ.' ಸಲಹೆ ಕೊಡುವವರು 'ಇನ್ನೂ ಜೋರಾಗಿ ಮಾತಾಡಿ' ಅನ್ನುತ್ತಾರೆ. ಪ್ರಶ್ನೆ ಬೇರೆ ದಾರಿ ತೆರೆಯುತ್ತದೆ. ಯಾವ ಮೀಟಿಂಗ್? ಆಗ ಪಕ್ಕದಲ್ಲಿ ಯಾರಿದ್ದರು? 'ಇದು ಇವರು ಆಗಲೇ ಹೇಳಿದ್ದರಲ್ಲ' ಎಂದು ನೆನಪಿಸಬಲ್ಲವರು ಅಲ್ಲಿ ಯಾರಾದರೂ ಇದ್ದಾರಾ? ನಲವತ್ತು ನಿಮಿಷದಲ್ಲಿ ಅವರಿಗೇ ಒಂದು ದಾರಿ ಹೊಳೆಯುತ್ತದೆ.

ಹೊಳೆದಷ್ಟಕ್ಕೇ ನಿಲ್ಲಿಸಬೇಡಿ. ಎದ್ದು ನಿಂತು ಆ ಮಾತನ್ನು ಆಡಿ ತೋರಿಸಲಿ. ಗುಂಪಿನವರೊಬ್ಬರು ಬಾಸ್ ಆಗಲಿ, ಸ್ವಲ್ಪ ಕಿರಿಕಿರಿಯ ಬಾಸ್ ಆದರೆ ಇನ್ನೂ ಒಳ್ಳೆಯದು. ಒಂದೇ ವಾಕ್ಯವನ್ನು ಮೂರು ಸಲ ಹೇಳಿಸಿ. ಮೂರನೇ ಸಲ ದನಿಯಲ್ಲಿದ್ದ ಕ್ಷಮೆ ಕೇಳುವ ಧಾಟಿ ಹೋಗಿರುತ್ತದೆ.

ಎಲ್ಲಕ್ಕೂ 'ಧೈರ್ಯ ಸಾಲದು' ಅನ್ನಬೇಡಿ

ಗೆದ್ದರೂ 'ನಾನು ಇದಕ್ಕೆ ಲಾಯಕ್ಕಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ' ಅನ್ನಿಸುವ ಭಾವನೆಯ ಬಗ್ಗೆ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಇಮ್ಸ್ 1978ರಲ್ಲಿ ಬರೆದರು. ಈಗ ಈ ಭಾವನೆಗೆ ಬಳಸುವ 'ಇಂಪೋಸ್ಟರ್' (ಸೋಗು ಹಾಕಿದವರು) ಎಂಬ ಪದ ಎಲ್ಲ ತರಬೇತಿಗಳಲ್ಲೂ ಓಡಾಡುತ್ತಿದೆ. ನನಗೆ ಇದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ಗಟ್ಟಿಯಾಗಿ ಮಾತಾಡಿದರೆ ಜಗಳಗಂಟಿ, ಮೆತ್ತಗಿದ್ದರೆ ನಾಯಕಿಯಲ್ಲ ಎನ್ನುವ ಕಚೇರಿಯಲ್ಲಿ ತಪ್ಪು ಅವರ ಆತ್ಮವಿಶ್ವಾಸದ್ದೇ, ಹೇಳಿ? ಗೋಡೆಗೆ ಎರಡು ಹಾಳೆ ಅಂಟಿಸಿ. ಒಂದರಲ್ಲಿ 'ನಾನು ಬದಲಿಸಬಹುದಾದದ್ದು', ಇನ್ನೊಂದರಲ್ಲಿ 'ಸಂಸ್ಥೆ ಬದಲಿಸಬೇಕಾದದ್ದು'. ಎರಡನೆಯ ಹಾಳೆಯನ್ನು ಹೆಸರುಗಳಿಲ್ಲದೆ ಸಂಸ್ಥೆಯ ಮುಖ್ಯಸ್ಥರಿಗೆ ತಲುಪಿಸುವುದೂ ನಿಮ್ಮ ಕೆಲಸವೇ.

ಮಧ್ಯೆ ಜಟಾಪಟಿ ಆದರೆ ಗಾಬರಿ ಬೇಡ. ಗುಂಪುಗಳು ಕೂಡಿಕೊಂಡು, ಕಿತ್ತಾಡಿ, ಹೊಂದಿಕೊಂಡು, ಆಮೇಲೆ ಕೆಲಸಕ್ಕೆ ಇಳಿಯುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲೇ ಬರೆದಿದ್ದಾರೆ. ಯಾರಾದರೂ ಅತ್ತರೆ ಓಡಿಹೋಗಿ ಸಮಾಧಾನ ಮಾಡಬೇಡಿ. 'ಬಿಡುವು ಬೇಕಾ, ಮುಂದುವರಿಸೋಣವಾ?' ಎಂದು ಅವರನ್ನೇ ಕೇಳಿ.

ಕೊನೆಯ ಅರ್ಧ ಗಂಟೆ

'ಕಾರ್ಯಕ್ರಮ ಹೇಗಿತ್ತು?' ಎಂಬ ಫಾರ್ಮ್ ತುಂಬಿಸಲು ಐದು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಮೂರು ವಿಷಯ ಬರೆಯಲಿ: ಯಾರ ಹತ್ತಿರ ಮಾತಾಡುತ್ತೇನೆ, ಯಾವ ತಾರೀಕು, ಮೊದಲ ವಾಕ್ಯ ಏನು. ಆ ಚೀಟಿಯ ಫೋಟೊ ಒಬ್ಬ ಗೆಳತಿಯ ಫೋನಿನಲ್ಲಿರಲಿ. ಆ ತಾರೀಕಿನ ಸಂಜೆ ಗೆಳತಿ 'ಮಾತಾಡಿದ್ರಾ?' ಎಂದು ಕೇಳಬೇಕು. 'ಇಲ್ಲ' ಎಂದು ಉತ್ತರ ಬಂದರೆ ಬುದ್ಧಿ ಹೇಳುವಂತಿಲ್ಲ. ಹೊಸ ತಾರೀಕು ಕೇಳಿ ಬರೆದುಕೊಳ್ಳಬೇಕು, ಅಷ್ಟೇ.