ವೇತಾಳ ಟೇಕಡಿಗೆ ಸೈಕಲ್ ಕೊಳ್ಳುವ ಗೆಳತಿಯರಿಗೆ

ಪುಣೆಯ ಗೆಳತಿಯರೇ, ನಮ್ಮ ವೇತಾಳ ಟೇಕಡಿ ಗುಡ್ಡದ ಮಣ್ಣುದಾರಿಗೆ ಸೈಕಲ್ ನೋಡ್ತಿದ್ದರೆ ‘ಲೇಡೀಸ್’ ಅನ್ನೋ ಹೆಸರಿಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಅಳತೆ ಮುಖ್ಯ. ಶೂ ಹಾಕಿಕೊಂಡೇ ಅಂಗಡಿಗೆ ಹೋಗಿ. ಫ್ರೇಮಿನ ಮೇಲಿನ ಕಂಬಿಯ ಆಚೀಚೆ ಕಾಲಿಟ್ಟು ನಿಂತಾಗ ಕಂಬಿಗೂ ತೊಡೆಸಂದಿಗೂ ನಡುವೆ ಕನಿಷ್ಠ 2 ಇಂಚು ಜಾಗ ಉಳಿಯಬೇಕು. ಕಲ್ಲುಗಳ ನಡುವೆ ತಟ್ಟನೆ ಕಾಲೂರುವಾಗ ಅದೇ ಕಾಪಾಡುವುದು.

ಆಮೇಲೆ ಬ್ರೇಕ್ ಲಿವರ್. ನನ್ನ ಬೆರಳು ಚಿಕ್ಕವು. ಮೊದಲ ಸೈಕಲ್‌ನಲ್ಲಿ ಇಳಿಜಾರು ಮುಗಿಯುವಷ್ಟರಲ್ಲಿ ಕೈ ಸೋತುಹೋಗುತ್ತಿತ್ತು. ಹೆಚ್ಚಿನ ಲಿವರ್‌ಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿ ಹತ್ತಿರ ತರಿಸಿಕೊಳ್ಳಿ.

ಕಡಿಮೆ ದುಡ್ಡಿನಲ್ಲಿ ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ (ಕುಲುಕಾಟ ತಡೆಯುವ ಸ್ಪ್ರಿಂಗ್) ಬೇಡವೇ ಬೇಡ. ಭಾರ ಜಾಸ್ತಿ, ಏರು ಹತ್ತುವಾಗ ತುಳಿದಿದ್ದೆಲ್ಲ ಅದೇ ನುಂಗುತ್ತದೆ. ಮುಂದಿನದು ಸಾಕು, ಉಳಿದ ದುಡ್ಡು ಡಿಸ್ಕ್ ಬ್ರೇಕಿಗೆ. ಸೀಟು ನೋಯುತ್ತಾ? ಅದನ್ನು ಆಮೇಲೆ ಬದಲಿಸಬಹುದು, ಫ್ರೇಮ್ ಆಗಲ್ಲ ಅಲ್ವಾ.